ಬಟ್ಟೆಗೆ ಹತ್ತದ ಬಣ್ಣ

ಹಳೆಯ ಕಾರುಗಳಿಗೆ ಪಾಲಿಶ್ ಹಾಕುವಾಗ ಬಣ್ಣ ಸವೆಯುವುದು ಕಣ್ಣಿಗೇ ಕಾಣುತ್ತಿತ್ತು. ಸಾಗರದಲ್ಲಿ ನಮ್ಮ ಸೋದರಮಾವ ಅಡಿಕೆ ಮಂಡಿಯ ಸಾಹುಕಾರರೊಬ್ಬರ ಕಡುನೀಲಿ ಅಂಬಾಸಿಡರ್ ಓಡಿಸುತ್ತಿದ್ದರು. ಮಳೆಗಾಲ ಮುಗಿದು ನವರಾತ್ರಿ ಹತ್ತಿರ ಬಂತೆಂದರೆ ಆ ಗಾಡಿಗೆ ಪಾಲಿಶ್ ಆಗಬೇಕು. ದಸರಾ ರಜೆಗೆ ಅಜ್ಜನ ಮನೆಗೆ ಬಂದಿರುತ್ತಿದ್ದ ನನ್ನನ್ನೂ ಮಾವ ಜೊತೆಗೆ ಕರೆದುಕೊಳ್ಳುತ್ತಿದ್ದರು. ಹಳೆಯ ಬನಿಯನ್ನಿನ ತುಂಡಿಗೆ ಡಬ್ಬಿಯಿಂದ ಪಾಲಿಶ್ ತೆಗೆದು ಬಾನೆಟ್ ಮೇಲೆ ತಿಕ್ಕಿದರೆ ಬಿಳಿ ಬಟ್ಟೆ ನೀಲಿಯಾಗುತ್ತಿತ್ತು. ಬಟ್ಟೆ ನೀಲಿಯಾದಷ್ಟೂ ನನಗೆ ಹುರುಪು. ಮಾವ ಅದನ್ನು ಬೇರೆ ರೀತಿ ನೋಡುತ್ತಿದ್ದರು. “ಅದು ಕೊಳೆ ಅಲ್ಲ ಕಣೇ, ಗಾಡಿ ಬಣ್ಣವೇ ಬರ್ತಾ ಇರೋದು. ಸಾಕು, ಇನ್ನು ತಿಕ್ಕಬೇಡ,” ಎಂದು ಬಟ್ಟೆ ಇಸಿದುಕೊಳ್ಳುತ್ತಿದ್ದರು. ಬಾಗಿಲಿನ ಅಂಚು, ಬಾನೆಟ್ಟಿನ ಏಣು, ಮಡ್‌ಗಾರ್ಡಿನ ಉಬ್ಬು, ಇಲ್ಲೆಲ್ಲ ನನಗೆ ತಿಕ್ಕಲು ಬಿಡುತ್ತಲೇ ಇರಲಿಲ್ಲ. ಉಬ್ಬಿದ ಕಡೆ ಒತ್ತಡ ಹೆಚ್ಚು ಬೀಳುತ್ತದೆ, ಅಲ್ಲಿ ಬಣ್ಣ ಬೇಗ ಹೋಗಿ ಕೆಳಗಿನ ಪ್ರೈಮರ್ ಇಣುಕುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ವರ್ಷಕ್ಕೆ ಒಂದೇ ಸಲ ಪಾಲಿಶ್, ಅದೂ ಹಗುರ ಕೈಯಲ್ಲಿ. ಉಳಿದ ದಿನವೆಲ್ಲ ಬರೀ ನೀರು.

ಈಗಿನ ಕಾರುಗಳಿಗೆ ಎಷ್ಟು ತಿಕ್ಕಿದರೂ ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪದರವೊಂದು ಇರುತ್ತದೆ. ನಾವು ತೊಳೆಯುವುದು, ಒರೆಸುವುದು, ಗೀರುವುದು ಎಲ್ಲವೂ ಅದರ ಮೇಲೇ. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್. ಕಾರ್ಖಾನೆಯಿಂದ ಬರುವಾಗ ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50. ತಲೆಗೂದಲಿನ ಒಂದು ಎಳೆ ಸುಮಾರು 70 ಮೈಕ್ರಾನ್ ಇರುತ್ತದೆ ಎಂದರೆ, ಕಾರಿನ ಹೊಳಪೆಲ್ಲ ಕೂದಲೆಳೆಗಿಂತ ತೆಳುವಾದ ಒಂದು ಪೊರೆಯಲ್ಲಿದೆ. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವ ಅಂಶವೂ ಅದರಲ್ಲೇ ಇರುವುದು. ಪಾಲಿಶ್ ಮಾಡುವುದೆಂದರೆ ಆ ಪೊರೆಯನ್ನು ಗೀರಿನ ಆಳದವರೆಗೆ ಸವೆಸಿ ಸಮ ಮಾಡುವುದು. ಒಮ್ಮೆ ಕಂಪೌಂಡ್ ಎಂಬ ಒರಟು ಪಾಲಿಶ್ ಹಾಕಿ ಜೋರಾಗಿ ಮಷೀನ್ ಓಡಿಸಿದರೆ ಕೆಲವು ಮೈಕ್ರಾನ್ ಹೋಗಿಬಿಡುತ್ತದೆ. ಹೋದದ್ದು ಬಾರದು. ಹಾಗೆ ಹೋಗುವಾಗ ಬಟ್ಟೆ ಬಿಳಿಯಾಗಿಯೇ ಇರುತ್ತದೆ, ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಮನೆಯಲ್ಲೇ ಕಾರಿನ ಆರೈಕೆ ಮಾಡಿಕೊಳ್ಳುವುದು ಒಳ್ಳೆಯದೋ, ಡೀಟೇಲಿಂಗ್‌ನವರ ಕೈಗೆ ಕೊಡುವುದು ಒಳ್ಳೆಯದೋ ಎಂಬ ಪ್ರಶ್ನೆ ನನಗೆ ಈ ಬಿಳಿ ಬಟ್ಟೆಯಿಂದಲೇ ಶುರುವಾಗುತ್ತದೆ. ಹಣದ ಲೆಕ್ಕ ಆಮೇಲಿನದು.

ಮಾವ ತೊಳೆಯುವುದನ್ನು ಕಲಿಸಿದ ರೀತಿ ನನಗೆ ಇಂದಿಗೂ ಸರಿ ಅನಿಸುತ್ತದೆ. ಮೊದಲು ಚಕ್ರದ ಒಳಗಿನ ಕೆಮ್ಮಣ್ಣು ಬಿಡಿಸಬೇಕು. ಜೋಗದ ಕಡೆಗೋ, ಒಳಗಿನ ತೋಟಗಳ ಕಡೆಗೋ ಹೋಗಿಬಂದರೆ ಮಡ್‌ಗಾರ್ಡಿನ ಒಳಮಡಿಕೆಯಲ್ಲಿ ಮಣ್ಣು ಮೆತ್ತಿಕೊಂಡು ಕೂರುತ್ತಿತ್ತು. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಮಲೆನಾಡಿನ ಮಳೆಯಲ್ಲಿ ಒಣಗುವುದೇ ಇಲ್ಲ, ಒಳಗಿಂದೊಳಗೇ ತಗಡು ತಿನ್ನುತ್ತದೆ. ಬೆರಳು ಹಾಕಿ ಆ ಮಡಿಕೆಯ ಮಣ್ಣನ್ನು ಪೂರ್ತಿ ತೆಗೆದ ಮೇಲೆಯೇ ಮೇಲ್ಮೈಗೆ ನೀರು. ಮೇಲಿಂದ ಕೆಳಕ್ಕೆ ಬರಬೇಕು. ಧೂಳಿದ್ದಾಗ ಒಣಬಟ್ಟೆ ತಾಗಿಸಲೇಬಾರದು. ಬಾಗಿಲಿನ ತಳದಲ್ಲಿ ನೀರು ಹೋಗಲು ಬಿಟ್ಟಿರುವ ಸಣ್ಣ ತೂತುಗಳಿಗೆ ತೆಂಗಿನ ಗರಿಯ ಕಡ್ಡಿ ಹಾಕಿ ನೋಡಬೇಕು. ಬಿಸಿಲಿಗೆ ನಿಲ್ಲಿಸಿ ತೊಳೆಯಬಾರದು. ಇವಕ್ಕೆಲ್ಲ ಅವರು ಕಾರಣ ಹೇಳುತ್ತಿರಲಿಲ್ಲ; ಕಾರಣಗಳನ್ನು ನಾನು ಬಹಳ ವರ್ಷಗಳ ನಂತರ ಓದಿ ತಿಳಿದುಕೊಂಡೆ.

ಆಗ ಊರಲ್ಲಿ ‘ವಾಟರ್ ಸರ್ವಿಸ್’ ಎಂಬುದೊಂದಿತ್ತು, ಈಗಲೂ ಹಲವು ಊರುಗಳಲ್ಲಿ ಇದೆ. ಗಾಡಿಯನ್ನು ಎತ್ತರದ ರ‍್ಯಾಂಪಿಗೆ ಹತ್ತಿಸಿ, ಪಂಪಿನ ನೀರು ಬಿಟ್ಟು, ಗ್ರೀಸ್ ತುಂಬಿ, ಕೊನೆಗೆ ಅಡಿಗೆ ಹಳೆ ಆಯಿಲ್ ಸಿಂಪಡಿಸಿ ಕಳಿಸುತ್ತಿದ್ದರು. ತುಕ್ಕಿಗೆ ಅದೇ ಮದ್ದು ಎಂಬ ನಂಬಿಕೆ. ಟೈರ್ ಕಪ್ಪಗೆ ಮಿನುಗಲಿ ಎಂದು ಡೀಸೆಲ್ ಒರೆಸುವವರೂ ಇದ್ದರು. ಮಾವ ಅಡಿಗೆ ಆಯಿಲ್ ಹೊಡೆಸುತ್ತಿದ್ದರು, ಟೈರಿಗೆ ಮಾತ್ರ ಡೀಸೆಲ್ ತಾಗಿಸಲು ಬಿಡುತ್ತಿರಲಿಲ್ಲ. ಎಣ್ಣೆ, ಡೀಸೆಲ್ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಆಯುಧಪೂಜೆಯ ದಿನ ಅರಿಸಿನ ಕುಂಕುಮವನ್ನು ಬಾನೆಟ್ ಮೇಲೆ ಇಡದೆ ಮುಂದಿನ ಕ್ರೋಮ್ ಗ್ರಿಲ್ಲಿಗೂ ನಂಬರ್ ಪ್ಲೇಟಿಗೂ ಇಡುತ್ತಿದ್ದರು. ಕುಂಬಳಕಾಯಿ ಒಡೆದು, ನಿಂಬೆಹಣ್ಣು ಚಕ್ರದಡಿ ಇಟ್ಟು, ಪೂಜೆಯಲ್ಲಿ ಒಂದಿಷ್ಟೂ ಕಡಿಮೆ ಮಾಡದೆಯೇ ಬಣ್ಣವನ್ನು ಉಳಿಸಿಕೊಳ್ಳುತ್ತಿದ್ದ ಆ ಜಾಣ್ಮೆ ನನಗೆ ಬಹಳ ಹಿಡಿಸುತ್ತದೆ. ಅಂಗಡಿ ಕುಂಕುಮದಲ್ಲಿರುವ ರಾಸಾಯನಿಕ ಬಣ್ಣ ಬಿಳಿ ಕಾರಿನ ಮೇಲೆ ಒಂದು ರಾತ್ರಿ ಕೂತರೆ ಗುಲಾಬಿ ಕಲೆ ಉಳಿಸಿ ಹೋಗುತ್ತದೆ. ಪ್ರತಿ ವಿಜಯದಶಮಿಯ ಮಾರನೇ ದಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅದನ್ನು ನೋಡುತ್ತೇನೆ.

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದು, ಬಹಳ ವರ್ಷ ಬಸ್ಸಿನಲ್ಲೇ ಓಡಾಡಿ, ಕೊನೆಗೊಂದು ಸೆಕೆಂಡ್‌ಹ್ಯಾಂಡ್ ಕಾರು ಕೊಂಡೆ. ಕಪ್ಪು ಬಣ್ಣದ್ದು. ಕಪ್ಪು ಯಾವುದನ್ನೂ ಮುಚ್ಚಿಡುವುದಿಲ್ಲ. ನೆರಳಲ್ಲಿ ನಿಂತಾಗ ಕನ್ನಡಿಯ ಹಾಗಿದ್ದ ಬಾನೆಟ್, ಸಂಜೆಯ ಓರೆ ಬಿಸಿಲು ಬಿದ್ದಾಗ ಜೇಡರ ಬಲೆ ಹರಡಿದಂತೆ ಸಣ್ಣ ಸಣ್ಣ ಸುರುಳಿ ಗೀರುಗಳಿಂದ ತುಂಬಿಕೊಳ್ಳುತ್ತಿತ್ತು. ಹಿಂದಿನ ಮಾಲೀಕರ ಕಾಲದಿಂದ ಬಂದ ಗೀರುಗಳು ಅವು. ಡೀಟೇಲಿಂಗ್‌ನವರು ಅವನ್ನು ಸ್ವರ್ಲ್ ಮಾರ್ಕ್ ಅನ್ನುತ್ತಾರೆ. ಅವು ಸುರುಳಿಯಾಗಿಯೇನೂ ಇರುವುದಿಲ್ಲ. ಎಲ್ಲ ದಿಕ್ಕಿಗೂ ಎಳೆದ ನೇರ ಗೀರುಗಳೇ. ಬೆಳಕಿನ ಬಿಂದುವಿನ ಸುತ್ತ ಬೆಳಕನ್ನು ನಮ್ಮ ಕಣ್ಣಿನತ್ತ ತಿರುಗಿಸುವ ಗೀರುಗಳು ಮಾತ್ರ ಎದ್ದು ಕಾಣುವುದರಿಂದ ಸುತ್ತಿಕೊಂಡಂತೆ ತೋರುತ್ತವೆ.

ಅಪಘಾತವಾಗಲಿ, ಕಿಡಿಗೇಡಿ ಹುಡುಗರಾಗಲಿ ಇದಕ್ಕೆ ಕಾರಣವಲ್ಲ. ಬಹುಪಾಲು ಗೀರುಗಳು ದಿನನಿತ್ಯದ ಒರೆಸುವಿಕೆಯಿಂದಲೇ ಬರುತ್ತವೆ. ಬೆಂಗಳೂರಿನ ಧೂಳಿನಲ್ಲಿ ಕಟ್ಟಡದ ಕೆಲಸ, ಮೆಟ್ರೊ ಕೆಲಸ, ಅಗೆದ ರಸ್ತೆಗಳಿಂದೆದ್ದ ಕಲ್ಲುಪುಡಿ ಧಾರಾಳವಾಗಿದೆ. ಮರಳಿನಲ್ಲೂ ಕಲ್ಲುಪುಡಿಯಲ್ಲೂ ಇರುವ ಸಿಲಿಕಾ ಹರಳು ಉಕ್ಕಿನ ಚಾಕುವಿಗಿಂತ ಗಟ್ಟಿ. ಒಂದು ಬಕೆಟ್ ನೀರು, ಒಂದು ಬಟ್ಟೆ; ಅದರಲ್ಲೇ ಸಾಲಾಗಿ ನಿಂತ ಕಾರುಗಳೆಲ್ಲ ಒರೆಸಿಸಿಕೊಳ್ಳುತ್ತವೆ. ಮೊದಲ ಕಾರಿನ ಮರಳು ಕೊನೆಯ ಕಾರಿನವರೆಗೆ ಹೋಗುತ್ತದೆ.

ನೀರಿನದು ಇನ್ನೊಂದು ಕಥೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಗೀಸರಿನ ಒಳಗೆ ಬಿಳಿ ಹೆಕ್ಕಳೆ ಕಟ್ಟುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳೇ ಕಾರಿನ ಮೇಲೆ ಹನಿ ಒಣಗಿದ ಜಾಗದಲ್ಲಿ ಬಿಳಿ ಬಳೆಗಳಂತೆ ಕೂರುತ್ತವೆ. ಹೊಸ ಕಲೆಯಾದರೆ ನೀರು ಬೆರೆಸಿದ ವಿನಿಗರ್ ಹಚ್ಚಿದರೆ ಬಿಡುತ್ತದೆ. ಬಿಸಿಲಿನಲ್ಲಿ ಮತ್ತೆ ಮತ್ತೆ ಕಾದು ಕೂತ ಕಲೆ ಕ್ಲಿಯರ್ ಕೋಟಿನೊಳಗೇ ಗುಳಿ ಮಾಡಿಬಿಡುತ್ತದೆ. ನೀರು ಉಳಿಸುವ ಒಳ್ಳೆಯ ಮನಸ್ಸಿನಿಂದ ಎಷ್ಟೋ ಮನೆಯವರು ಆರ್‌ಒ ಯಂತ್ರ ಹೊರಹಾಕುವ ನೀರನ್ನು ಕಾರು ತೊಳೆಯಲು ಬಳಸುತ್ತಾರೆ. ಶುದ್ಧ ನೀರಿನಿಂದ ಬೇರ್ಪಟ್ಟ ಲವಣವೆಲ್ಲ ಆ ನೀರಿನಲ್ಲೇ ಇರುತ್ತದೆ. ಅದನ್ನು ನೆಲ ತೊಳೆಯಲು ಬಳಸಿ, ಕಾರಿಗೆ ಬೇಡ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಕಾರಿಗೆ ಮಳೆನೀರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ನಮ್ಮ ಮಳೆಕೊಯ್ಲಿನ ತೊಟ್ಟಿಯಲ್ಲಿ ನೀರಿರುವಷ್ಟು ಕಾಲ ನನ್ನ ಕಾರಿಗೆ ಅದೇ.

2024ರ ಮಾರ್ಚಿನಲ್ಲಿ, ಮಳೆ ಕೈಕೊಟ್ಟು ನಗರದ ಬೋರ್‌ವೆಲ್‌ಗಳು ಬತ್ತಿದಾಗ, ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ಪೈಪು ಬಿಟ್ಟು ಕಾರು ತೊಳೆಯುವುದು ಅದಕ್ಕೂ ಮುಂಚೆಯೇ ನನಗೆ ಸರಿಯೆನಿಸುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ರಿನ್ಸ್‌ಲೆಸ್ ವಾಶ್ ಕಲಿತೆ. ಹತ್ತು ಲೀಟರ್ ನೀರಿಗೆ ಒಂದು ಮುಚ್ಚಳದಷ್ಟು ದ್ರವ. ಅದರಲ್ಲಿರುವ ಪಾಲಿಮರ್‌ಗಳು ಧೂಳಿನ ಕಣವನ್ನು ಸುತ್ತುವರಿದು ಜಾರುವಂತೆ ಮಾಡುತ್ತವೆ. ಮೈಕ್ರೋಫೈಬರ್ ಬಟ್ಟೆಗಳನ್ನು ಒಂದಷ್ಟು ಅದರಲ್ಲಿ ನೆನೆಹಾಕಿ, ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿ, ಒಂದು ಮಗ್ಗುಲಿನಿಂದ ಒಂದೇ ಎಳೆತ, ಮಗ್ಗುಲು ಬದಲಿಸಿ ಇನ್ನೊಂದು. ಕೊಳೆಯಾದ ಬಟ್ಟೆ ಮತ್ತೆ ಬಕೆಟ್ಟಿಗೆ ಇಳಿಯುವಂತಿಲ್ಲ. ಮಣ್ಣು ಮೆತ್ತಿದ ಕಾರಿಗೆ ಇದು ಆಗದು. ಊರಿಂದ ಊರಿಗೆ ಹೋಗಿಬಂದಾಗ ಮೊದಲು ನೀರು ಹಾಯಿಸಲೇಬೇಕು. ನಗರದ ಧೂಳಿಗೆ ಧಾರಾಳ ಸಾಕು.

ಹೀಗೆ ಕೈಯಾರೆ ತೊಳೆಯುವುದರಿಂದ ಸಿಕ್ಕ ಲಾಭ ಹೊಳಪಿನ ಲೆಕ್ಕದ್ದಲ್ಲ. ಕಾರಿನ ಪ್ರತಿ ಅಂಗುಲದ ಮೇಲೂ ಕೈ ಹಾಯುತ್ತದೆ. ಮುಂದಿನ ಗ್ಲಾಸಿನ ಬುಡದಲ್ಲಿ, ವೈಪರಿನ ಕೆಳಗೆ, ಪ್ಲಾಸ್ಟಿಕ್ ಜಾಲರಿಯಲ್ಲಿ ಬೇಸಿಗೆಯ ಶುರುವಿಗೆ ಹೊಂಗೆ ಹೂವು ತುಂಬಿಕೊಳ್ಳುತ್ತದೆ. ಸಣ್ಣ ತಿಳಿನೇರಳೆ ಹೂಗಳು, ಒಣಗಿದರೆ ಅವಲಕ್ಕಿಯಷ್ಟು ಹಗುರ. ಮುಟ್ಟದೆ ಬಿಟ್ಟರೆ ಮೊದಲ ಮಳೆಗೆ ಮುದ್ದೆಯಾಗಿ ನೀರು ಇಳಿದುಹೋಗುವ ದಾರಿಯನ್ನು ಮುಚ್ಚುತ್ತವೆ, ನೀರು ಕಾರಿನೊಳಗೆ ಕಾಲಿಡುವ ಜಾಗಕ್ಕೆ ಬರುತ್ತದೆ. ಅವನ್ನು ಚಿಮುಟದಿಂದ ಒಂದೊಂದಾಗಿ ಎತ್ತುವುದು ನನಗೆ ಬೇಸರದ ಕೆಲಸವಲ್ಲ. ಟೈರಿಗೆ ಹೊಕ್ಕ ಮೊಳೆ ಕಂಡದ್ದು ತೊಳೆಯುವಾಗಲೇ. ಹಿಂದಿನ ಚಕ್ರದ ಮೇಲಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಉಬ್ಬಿದ್ದ ಬಣ್ಣದ ಗುಳ್ಳೆ, ಅಂದರೆ ಒಳಗೆ ಶುರುವಾದ ತುಕ್ಕು, ಬೆರಳಿಗೆ ಸಿಕ್ಕಿದ್ದೂ ಆಗಲೇ. ಟಿಂಕರಿಂಗ್ ಅಂಗಡಿಯಲ್ಲಿ ಸಣ್ಣ ಖರ್ಚಿಗೆ ಮುಗಿಯಿತು. ಮರದ ಕೆಳಗೆ ನಿಲ್ಲಿಸಿದಾಗ ಬೀಳುವ ಹಕ್ಕಿ ಹಿಕ್ಕೆಯನ್ನು ಅಂದೇ ನೆನೆಸಿ ತೆಗೆಯದಿದ್ದರೆ ಬಿಸಿಲಿಗೆ ಅದರ ಆಮ್ಲ ಕ್ಲಿಯರ್ ಕೋಟಿಗೆ ಇಳಿಯುತ್ತದೆ, ಮತ್ತೆ ಅದನ್ನು ತೆಗೆಯಲು ಪಾಲಿಶ್ ಬೇಕು, ಅಂದರೆ ಮತ್ತಷ್ಟು ಸವೆತ. ವರ್ಷಕ್ಕೊಮ್ಮೆ ಬರುವ ಯಾವ ಪರಿಣತನೂ ಇದನ್ನು ಮಾಡಿಕೊಡಲಾರ. ಇದು ದಿನವೂ ಆ ಕಾರಿನ ಬಳಿ ಇರುವವರ ಕೆಲಸ.

ಕಾರಿನ ಒಳಗಿನದೂ ಅಷ್ಟೇ. ಜುಲೈನಲ್ಲಿ ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಸೀಟಿನ ಬೆಲ್ಟಿಗೆ, ಸ್ಟೀರಿಂಗಿನ ಹಿಂಬದಿಗೆ ಬೂಷ್ಟು ಹಿಡಿದಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಗಿಲು ತೆರೆದು ಬಿಸಿಲಿಗೆ ಬಿಟ್ಟು, ಕಾಲಡಿಯ ಹಾಸನ್ನು ಹೊರಗೆ ಒಣಗಿಸಿದರೆ ಮುಗಿಯಿತು. ಡ್ಯಾಶ್‌ಬೋರ್ಡಿಗೆ ಮಿರಿಮಿರಿ ಹೊಳೆಯುವ ದ್ರವ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಆ ಹೊಳಪು ಮುಂದಿನ ಗ್ಲಾಸಿನಲ್ಲಿ ಪ್ರತಿಫಲಿಸಿ ರಸ್ತೆಯೇ ಮಸುಕಾಗುತ್ತದೆ.

ಹಾಗಾದರೆ ಡೀಟೇಲಿಂಗ್‌ನವರ ಬಳಿಗೆ ಯಾಕೆ ಹೋದೆ? ಗೀರಿಗಾಗಿ. ತೊಳೆಯುವುದು ಹೊಸ ಗೀರು ಬೀಳದಂತೆ ನೋಡಿಕೊಳ್ಳಬಲ್ಲದು, ಇರುವುದನ್ನು ತೆಗೆಯಲಾರದು. ಅದಕ್ಕೆ ಮುಂಚೆ ಒಮ್ಮೆ ಸರ್ವಿಸ್‌ಗೆ ಬಿಟ್ಟಾಗ, ನಾನು ಕೇಳದೆಯೇ, ಉಚಿತವೆಂದು ಪಾಲಿಶ್ ಹಾಕಿ ಕೊಟ್ಟಿದ್ದರು. ಕಾರು ಎಣ್ಣೆ ಸುರಿದ ಹಾಗೆ ಮಿಂಚುತ್ತಿತ್ತು. ಕೆಲವು ಸಲ ತೊಳೆದ ಮೇಲೆ ಹಳೆಯ ಗೀರುಗಳೆಲ್ಲ ವಾಪಸ್ಸು ಬಂದವು, ಜೊತೆಗೆ ಉಣ್ಣೆಯ ಪ್ಯಾಡ್ ಹಾಕಿ ಮಷೀನ್ ಅಡ್ಡಾದಿಡ್ಡಿ ಓಡಿಸಿದ್ದರಿಂದ ಮೂಡಿದ ಮಂಜಿನಂಥ ಪಟ್ಟೆಗಳು ಬಿಸಿಲಿಗೆ ಕಾಣತೊಡಗಿದವು. ಗೀರನ್ನು ತೆಗೆಯದೆ ಮೇಣ, ಎಣ್ಣೆ ತುಂಬಿ ಮುಚ್ಚುವ ಪಾಲಿಶ್ ಅದು. ಬಣ್ಣವೂ ಸವೆಯಿತು, ಗೀರೂ ಉಳಿಯಿತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಒಂದು ವಸ್ತುವಿನಿಂದ ಮರಳಿ ಬಾರದ್ದನ್ನು ತೆಗೆಯುವ ಮುನ್ನ ಅದರ ಒಡೆಯರನ್ನು ಒಂದು ಮಾತು ಕೇಳಬೇಕು.

ಡೀಟೇಲಿಂಗ್ ಅಂಗಡಿಯನ್ನು ನಾನು ಆರಿಸಿದ್ದು ಒಂದೇ ಕಾರಣಕ್ಕೆ. ಫೋನ್ ಮಾಡಿ ದರ ಕೇಳಿದಾಗ, ಗಾಡಿ ನೋಡದೆ ಹೇಳಲಾಗುವುದಿಲ್ಲ ಅಂದರು. ಹೋದಾಗ ಅಲ್ಲಿ ಕೆಲಸಕ್ಕಿದ್ದ ಸಿಂಧನೂರು ಕಡೆಯ ಹುಡುಗನೊಬ್ಬ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ ತಂದು ಬಾನೆಟ್ ಮೇಲೆ ಒತ್ತಿದ. ಬೀಪ್ ಎಂದು ಒಂದು ಅಂಕಿ ಬಂತು. ಒಂದು ಗೇಣು ಸರಿಸಿ ಮತ್ತೆ ಒತ್ತಿದ. ಹೀಗೇ ಕಾರಿನ ಸುತ್ತ ಹೋಗಿ ಸೀಮೆಸುಣ್ಣದಲ್ಲಿ ಗೋಡೆಯ ಹಲಗೆಯ ಮೇಲೆ ಬರೆದುಕೊಂಡ. ಬಾಗಿಲುಗಳ ಮೇಲೆ 118, 122, 125. ಮೇಲ್ಛಾವಣಿ 115ರ ಆಸುಪಾಸು. ಬಾನೆಟ್ ಮಾತ್ರ 98. ಎಡಗಡೆಯ ಹಿಂದಿನ ಬಾಗಿಲು 310!

“ಈ ಬಾಗ್ಲ ಮತ್ತ ಪೇಂಟ್ ಆಗೇತ್ರಿ ಮೇಡಂ,” ಅಂದ. “ಪುಟ್ಟಿ ಇದ್ದಂಗಿಲ್ಲ, ಇದ್ರ ಸಾವಿರದ ಮ್ಯಾಲ ಬರ್ತಿತ್ತು. ಬಣ್ಣ ಅಷ್ಟ ಹೊಡದಾರ.” ಕಾರು ಮಾರಿದವರು ನನಗೆ ಹೇಳಿರದ ಸಂಗತಿ ಅದು. ಬಾನೆಟ್ಟಿನ 98 ತೋರಿಸಿ, “ಇದನ್ನ ಹಿಂದಿನವ್ರು ಭಾಳ ತಿಕ್ಸ್ಯಾರ ಅನಸ್ತೈತಿ. ಇಲ್ಲಿ ನಾ ಕಂಪೌಂಡ್ ಹಾಕೂದಿಲ್ರಿ. ಬರೇ ಫಿನಿಶಿಂಗ್. ಆಳದ ಗೀರು ಹಂಗ ಉಳೀತಾವ, ನಡೀತೈತೇನ್ರಿ?” ಎಂದು ಕೇಳಿದ. ಆ ಯಂತ್ರ ಎಲ್ಲ ಪದರಗಳ ಒಟ್ಟು ದಪ್ಪವನ್ನಷ್ಟೇ ಹೇಳುತ್ತದೆ, ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಎಂದು ಬಿಡಿಸಿ ಹೇಳುವುದಿಲ್ಲ. ಪ್ಲಾಸ್ಟಿಕ್ ಬಂಪರಿನ ಮೇಲಂತೂ ಕೆಲಸವೇ ಮಾಡುವುದಿಲ್ಲ, ಅದಕ್ಕೆ ಕೆಳಗೆ ಲೋಹ ಬೇಕು. ಉಳಿದದ್ದನ್ನು ಕೈ ಅಂದಾಜು ಮಾಡಬೇಕು. ಆ ಅಂದಾಜಿಗೇ ನಾನು ದುಡ್ಡು ಕೊಟ್ಟದ್ದು ಎಂದು ಈಗ ಅನಿಸುತ್ತದೆ.

ನೋಡುತ್ತಾ ಕೂರಲು ಅನುಮತಿ ಕೇಳಿದೆ. ಮಾಲೀಕರು ಒಂದು ಸ್ಟೂಲು ಹಾಕಿಸಿಕೊಟ್ಟರು.

ತೊಳೆಯುವುದಕ್ಕೇ ಅರ್ಧ ಹೊತ್ತು ಹೋಯಿತು. ನೊರೆ ಸಿಂಪಡಿಸಿ ಕೊಳೆಯನ್ನು ಸಡಿಲಿಸಿ, ಸೋಪಿನ ನೀರಿಗೆ ಒಂದು ಬಕೆಟ್, ಬಟ್ಟೆ ಅಲಬಿಕೊಳ್ಳಲು ಇನ್ನೊಂದು. ಆಮೇಲೆ ಚಕ್ರದ ಮೇಲೂ ಬಾಗಿಲುಗಳ ಕೆಳಭಾಗದ ಮೇಲೂ ಬಣ್ಣವಿಲ್ಲದ ದ್ರವವೊಂದನ್ನು ಸಿಂಪಡಿಸಿದರು. ಸ್ವಲ್ಪ ಹೊತ್ತಿಗೆ ನೇರಳೆಹಣ್ಣು ಹಿಂಡಿದ ಹಾಗೆ ಬಣ್ಣ ಇಳಿಯತೊಡಗಿತು. ಬ್ರೇಕ್ ಹಿಡಿದಾಗಲೆಲ್ಲ ಸಿಡಿಯುವ ಕಬ್ಬಿಣದ ಪುಡಿ ಬಿಸಿಯಾಗಿ ಬಣ್ಣದೊಳಗೆ ಕಚ್ಚಿಕೊಂಡಿರುತ್ತದೆ. ಆ ದ್ರವ ಕಬ್ಬಿಣದೊಡನೆ ಸೇರಿ ನೇರಳೆಯಾಗಿ ಕರಗಿಸಿ ತರುತ್ತದೆ. ಇದಾದ ಮೇಲೆ ಜೇಡಿಯಂತೆ ಮೆತ್ತಗಿನ ಕ್ಲೇ ಬಾರ್. ಜಾರುವ ನೀರು ಹಾಕಿ ಅದನ್ನು ಮೇಲ್ಮೈಯಲ್ಲಿ ಆಡಿಸುವಾಗ ಮೊದಲು ಸರ್ ಸರ್ ಎಂದು ಸದ್ದು, ಆಮೇಲೆ ಸದ್ದೇ ಇಲ್ಲ. “ಇಲ್ಲಿ ಕೈ ಇಟ್ಟು ನೋಡ್ರಿ,” ಎಂದು ಆ ಹುಡುಗ ತೆಳು ಪ್ಲಾಸ್ಟಿಕ್ ಕವರೊಂದನ್ನು ನನ್ನ ಬೆರಳಿಗೆ ಸಿಕ್ಕಿಸಿದ. ಬರಿಗೈಗೆ ನುಣುಪೆನಿಸಿದ ಬಾಗಿಲು ಕವರಿನ ಮೂಲಕ ಮುಟ್ಟಿದರೆ ಉಪ್ಪುಕಾಗದದ ಹಾಗಿತ್ತು. ಕ್ಲೇ ಆಡಿಸಿದ ಅರ್ಧ ಗಾಜು. ಇವಿಷ್ಟನ್ನೂ ಮನೆಯಲ್ಲಿ ಮಾಡಿಕೊಳ್ಳಬಹುದು, ನಾನು ಈಗ ಮಾಡಿಕೊಳ್ಳುತ್ತೇನೆ. ಸಾಮಾನು ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ.

ಮಷೀನಿನ ಕೆಲಸ ಬೇರೆ. ರಬ್ಬರ್ ಬೀಡಿಂಗಿಗೂ, ಏಣಿರುವ ಅಂಚುಗಳಿಗೂ ಟೇಪ್ ಹಚ್ಚಿದ. ಮಾವ ನನ್ನ ಕೈ ತಡೆಯುತ್ತಿದ್ದ ಜಾಗಗಳೇ ಅವು. ಒಂದು ಬಾಗಿಲಿನ ಮೇಲೆ ಅಂಗೈಯೆರಡರಷ್ಟು ಜಾಗ ಗುರುತು ಮಾಡಿಕೊಂಡು ಮೊದಲು ಅತಿ ಮೆತ್ತಗಿನ ಪ್ಯಾಡು, ಅತಿ ಸಣ್ಣ ಪಾಲಿಶ್ ಹಾಕಿ ನೋಡಿದ. ಸಾಲಲಿಲ್ಲ. ಒಂದು ಮೆಟ್ಟಿಲು ಮೇಲೆ. ಅದು ಸಾಕಾಯಿತು. “ಕಡಿಮಿಯಿಂದ ಶುರು ಮಾಡಬೇಕ್ರಿ. ಮದ್ಲ ಜೋರ್ ಹಾಕಿದ್ರ ಆಮ್ಯಾಲ ಹಿಂದ ಬರಾಕ ದಾರಿ ಇಲ್ಲ.” ಮಷೀನ್ ನಿಲ್ಲಿಸಿದಾಗಲೆಲ್ಲ ಅಂಗೈಯ ಬೆನ್ನನ್ನು ತಗಡಿಗೆ ತಾಗಿಸಿ ಬಿಸಿ ನೋಡುತ್ತಿದ್ದ. ಬಿಸಿ ಹೆಚ್ಚಾದರೆ ಕ್ಲಿಯರ್ ಕೋಟ್ ಮೆದುವಾಗಿ ಬೇಗ ಸವೆಯುತ್ತದೆ. ಮೋಟಾರಿನ ಸದ್ದು ಸ್ವಲ್ಪ ಬದಲಾದರೂ ಅವನ ಕೈಯ ಒತ್ತಡ ಬದಲಾಗುತ್ತಿತ್ತು. ಎಲ್ಲಿ ಕಲಿತದ್ದು ಎಂದು ಕೇಳಿದೆ. ಗುಜರಿಯಿಂದ ತಂದ ಬಾನೆಟ್‌ಗಳ ಮೇಲಂತೆ. ಬಣ್ಣ ಸುಟ್ಟು ಪ್ರೈಮರ್ ಕಾಣುವವರೆಗೆ ಬೇಕೆಂದೇ ಓಡಿಸಿ, ಸುಡುವ ಮುನ್ನ ಬರುವ ವಾಸನೆ ಯಾವುದು, ಸದ್ದು ಯಾವುದು ಎಂದು ಮೂಗಿಗೂ ಕಿವಿಗೂ ಪರಿಚಯ ಮಾಡಿಕೊಂಡಿದ್ದನಂತೆ. ಹೊರಗಡೆ ಅಂಗಳದಲ್ಲಿ ಅಂಥ ಬಾನೆಟ್ ಒಂದು ಗೋಡೆಗೆ ಒರಗಿತ್ತು. ಮಧ್ಯದಲ್ಲಿ ಬೂದು ಬಣ್ಣದ ಗಾಯಗಳು.

ಈ ವಿದ್ಯೆಯನ್ನು ನಾನು ನನ್ನ ಒಂದೇ ಕಾರಿನ ಮೇಲೆ ಕಲಿಯಲಾರೆ. ಕಲಿಯುವುದಕ್ಕೆ ಹಾಳು ಮಾಡಬಹುದಾದ ಹತ್ತಾರು ಬಾನೆಟ್ ಬೇಕು. ಈಗ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಮಷೀನ್ ಸಿಗುತ್ತದೆ, ಡ್ಯುಯಲ್ ಆ್ಯಕ್ಷನ್ ಮಷೀನುಗಳು ತಿರುಗುವುದರ ಜೊತೆಗೆ ಓಲಾಡುವುದರಿಂದ ಹಳೆಯ ರೋಟರಿಗಳಷ್ಟು ಬೇಗ ಸುಡುವುದಿಲ್ಲ. ಎಚ್ಚರದಿಂದ ಬಳಸುವ ಹವ್ಯಾಸಿಗಳು ಚೆನ್ನಾಗಿಯೇ ಮಾಡುತ್ತಾರೆ. ಆದರೂ ಅಳೆಯುವ ಯಂತ್ರವಿಲ್ಲದೆ, ಎಷ್ಟು ಉಳಿದಿದೆ ಎಂಬ ಅಂದಾಜಿಲ್ಲದೆ, ಹೊಳಪು ಮಂಕಾಯಿತೆಂದು ವರ್ಷಕ್ಕೆರಡು ಸಲ ಕಂಪೌಂಡ್ ಓಡಿಸುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ನಗರದ ರಸ್ತೆಗಳಲ್ಲಿ ಮೇಲ್ಛಾವಣಿ, ಬಾನೆಟ್ ಮೇಲೆ ಸಿಪ್ಪೆ ಎದ್ದು ಬಿಳಿ ಮಚ್ಚೆಗಳಾದ ಕಾರುಗಳನ್ನು ನೋಡಿರುತ್ತೀರಿ. ಬಿಸಿಲಿನ ಜೊತೆಗೆ ಅತಿಯಾದ ತಿಕ್ಕಾಟವೂ ಸೇರಿ ಕ್ಲಿಯರ್ ಕೋಟ್ ಸತ್ತ ಕಾರುಗಳವು. ಅದಕ್ಕೆ ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ.

ಕೊನೆಯಲ್ಲಿ ಆಲ್ಕೊಹಾಲ್ ಬೆರೆತ ದ್ರವದಿಂದ ಪೂರ್ತಿ ಕಾರನ್ನು ಒರೆಸಿದರು. ಪಾಲಿಶಿನ ಎಣ್ಣೆಯಂಶ ಹೋಗಿ ನಿಜವಾದ ಮೇಲ್ಮೈ ಕಾಣಲಿ ಎಂದು. ಬಾಗಿಲುಗಳಲ್ಲಿ ಜೇಡರ ಬಲೆ ಇರಲಿಲ್ಲ. ಬಾನೆಟ್ ಮೇಲೆ ಹೇಳಿದ್ದ ಹಾಗೆ ಕೆಲವು ಗೀರು ಉಳಿದಿದ್ದವು. ಮತ್ತೆ ಅಳೆದು ಹಳೆಯ ಅಂಕಿಗಳ ಪಕ್ಕದಲ್ಲಿ ಹೊಸವನ್ನು ಬರೆದು, ಫೋಟೊ ತೆಗೆದು ನನ್ನ ಫೋನಿಗೆ ಕಳಿಸಿದ. ಬಾಗಿಲುಗಳಲ್ಲಿ ಮೂರು ಮೈಕ್ರಾನಿನಷ್ಟು ಹೋಗಿತ್ತು. ಮಾವನ ನೀಲಿ ಬಟ್ಟೆ ಹೇಳುತ್ತಿದ್ದುದನ್ನು ಇಲ್ಲಿ ಆ ಹಲಗೆ ಹೇಳಿತು.

ಸೆರಾಮಿಕ್ ಕೋಟಿಂಗ್ ಬೇಕೇ ಎಂದು ಕೇಳಿದರು. ಸಿಲಿಕಾ ಆಧಾರಿತ ದ್ರವ, ಗಟ್ಟಿಯಾಗಿ ಒಂದು ತೆಳು ಪದರವಾಗುತ್ತದೆ, ನೀರು ನಿಲ್ಲದೆ ಹನಿಗಟ್ಟಿ ಉರುಳುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ. ಇಷ್ಟು ನಿಜ. ಹೊಸ ಕಾರು ಕೊಳ್ಳುವವರಿಗೆ ಇದರ ಬಗ್ಗೆ ಹೇಳುವುದು ಇದಕ್ಕಿಂತ ಬಹಳ ಹೆಚ್ಚು. ‘9ಎಚ್ ಗಟ್ಟಿ’ ಎಂದಾಗ ಜನ ವಜ್ರದ ಹತ್ತಿರದ್ದೇನೋ ಅಂದುಕೊಳ್ಳುತ್ತಾರೆ. ಅದು ಬರೆಯುವ ಪೆನ್ಸಿಲುಗಳ ಗಡಸಿನ ಅಳತೆ. 9ಎಚ್ ಪೆನ್ಸಿಲಿನಿಂದ ಗೀರು ಬೀಳುವುದಿಲ್ಲ ಎಂದಷ್ಟೇ ಅರ್ಥ. ಹೆದ್ದಾರಿಯಲ್ಲಿ ಲಾರಿ ಚಕ್ರದಿಂದ ಸಿಡಿದ ಕಲ್ಲನ್ನು ಅದು ತಡೆಯದು. ಅದಕ್ಕೆ ದಪ್ಪನೆಯ ಪಾಲಿಯುರೆಥೇನ್ ಹಾಳೆ, ಅಂದರೆ ಪಿಪಿಎಫ್ ಬೇಕು, ಅದರ ಬೆಲೆ ನನ್ನಂಥವರ ಕಾರಿಗೆ ಹೊಂದುವುದಿಲ್ಲ. ಸೆರಾಮಿಕ್ ಹಾಕಿದ ಕಾರಿನ ಮೇಲೂ ಗಡಸು ನೀರು ಒಣಗಿದರೆ ಕಲೆ ಕೂರುತ್ತದೆ, ಧೂಳಿನ ಬಟ್ಟೆ ಎಳೆದರೆ ಗೀರು ಬೀಳುತ್ತದೆ. ತೊಳೆಯುವುದರಿಂದ ಯಾವ ಲೇಪನವೂ ಬಿಡುಗಡೆ ಕೊಡುವುದಿಲ್ಲ. ನಾನು ಮೇಣ ಸಾಕು ಅಂದೆ. ಬ್ರೆಜಿಲ್ಲಿನ ಕಾರ್ನಾಬಾ ತಾಳೆಯ ಎಲೆಯಿಂದ ಬರುವ ಮೇಣ. ಕೆಲವು ವಾರಗಳಿಗೆ ಕರಗಿಹೋಗುತ್ತದೆ, ಮತ್ತೆ ನಾನೇ ಹಚ್ಚಿಕೊಳ್ಳುತ್ತೇನೆ. ಬಣ್ಣದಿಂದ ಏನನ್ನೂ ಕೀಳದೆ ಮೇಲೆ ಕೂರುವ ವಸ್ತು ಅದು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ಜಾವವೇ ಬಂದು ಕಾರು ಒರೆಸುವವರ ಮೇಲೆ ನಿವಾಸಿಗಳು ಗೀರಿನ ತಪ್ಪು ಹೊರಿಸುವುದನ್ನು ಕೇಳಿದಾಗ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಕತ್ತಲಲ್ಲಿ, ಒಂದೇ ಬಕೆಟ್ಟಿನಲ್ಲಿ, ಎಲ್ಲರೂ ಆಫೀಸಿಗೆ ಹೊರಡುವ ಮುಂಚೆ ಅಷ್ಟೂ ಕಾರು ಮುಗಿಸಬೇಕೆಂಬ ನಿಯಮ ನಮ್ಮದು, ತಿಂಗಳಿಗೆ ಕೆಲವು ನೂರು ರೂಪಾಯಿ ಕೊಡುವವರೂ ನಾವು. ಡೀಟೇಲಿಂಗಿಗೆ ಹದಿನೈದು ಸಾವಿರ ಕೊಟ್ಟು ಬಂದ ಕಾರನ್ನು ಮಾರನೇ ದಿನ ಅದೇ ಬಟ್ಟೆಗೆ ಒಪ್ಪಿಸಿದರೆ ಆ ಹದಿನೈದು ಸಾವಿರಕ್ಕೆ ಅರ್ಥವಿಲ್ಲ. ಸಂಘದ ಸಭೆಯಲ್ಲಿ ಹೇಳಿ, ಮನೆಗೊಂದರಂತೆ ಹೆಸರು ಬರೆದ ಮೈಕ್ರೋಫೈಬರ್ ಬಟ್ಟೆಗಳ ಕಟ್ಟು ಕೊಡುವ ಏರ್ಪಾಡು ಮಾಡಿಸಿದೆ. ದಿನಾ ಒರೆಸುವುದು ಬೇಡ, ವಾರಕ್ಕೆರಡು ಸಲ ಸಾಕು, ಸಂಬಳ ಅಷ್ಟೇ ಇರಲಿ ಎಂಬುದಕ್ಕೆ ಎಲ್ಲರೂ ಒಪ್ಪಲಿಲ್ಲ. ಒಪ್ಪಿದ ಮನೆಗಳ ಕಾರುಗಳು ಈಗ ಚೆನ್ನಾಗಿವೆ.

ಕಳೆದ ವರ್ಷ ಬಾನೆಟ್ ಮೇಲೆ ಯಾರದೋ ಬ್ಯಾಗಿನ ಜಿಪ್ಪು ತಾಗಿ ಒಂದು ಉದ್ದ ಗೀರು ಬಿತ್ತು. ಉಗುರು ಎಳೆದರೆ ಸಣ್ಣಗೆ ತಡೆಯುವಷ್ಟು ಆಳ. ಆ ಹುಡುಗನನ್ನೇ ಹುಡುಕಿಕೊಂಡು ಹೋದೆ. ಈಗ ಅವನೇ ಅಲ್ಲಿ ಕಲಿಸುವವನು, ಕೈಕೆಳಗೆ ಇಬ್ಬರು ಕಿರಿಯರು. ಅಳೆದ. ಬಾನೆಟ್ 97. ಗೀರಿನ ಮೇಲೆ ಬೆಳಕು ಹಿಡಿದು ಬಹಳ ಹೊತ್ತು ನೋಡಿದ.

“ಇದು ತಗೀಬೇಕಂದ್ರ ಭಾಳ ತಿಕ್ಕಬೇಕಾಕ್ಕೈತ್ರಿ. ಬ್ಯಾಡ ಮೇಡಂ. ಅಂಚಿಗೆ ಸ್ವಲ್ಪ ಕೈಲೆ ಪಾಲಿಶ್ ಹಚ್ಚಿ ಮೆತ್ತಗ ಮಾಡ್ತೀನಿ, ದೂರದಿಂದ ಕಾಣೂದಿಲ್ಲ. ಉಳದದ್ದು ಇರ್ಲಿ.”

ಪಕ್ಕದಲ್ಲಿ ನಿಂತಿದ್ದ ಕಿರಿಯ ಹುಡುಗರಿಗೆ ಅಂಕಿಯನ್ನು ತೋರಿಸಿ, ಯಾಕೆ ಬೇಡ ಎಂದು ವಿವರಿಸತೊಡಗಿದ. ಕೈಯಲ್ಲೇ ಹತ್ತು ನಿಮಿಷದಲ್ಲಿ ಮುಗಿದ ಆ ಕೆಲಸಕ್ಕೆ ದುಡ್ಡು ಎಷ್ಟು ಎಂದರೆ ಏನೂ ಬೇಡ ಅಂದ. ಒತ್ತಾಯ ಮಾಡಿ ಕೊಟ್ಟೆ.